ಸರಿಸಿ ಹಿಡಿದ ನೀರು

ಕೆರೆ ಅಂದರೆ ಹೀಗಿರಬೇಕು ಎಂದು ಆ ಬೇಸಿಗೆಯಲ್ಲಿ ದಂಡೆಗೆ ಬಂದವರೆಲ್ಲ ಹೇಳಿದ್ದೇ ಹೇಳಿದ್ದು. ಮಳೆ ಮುನಿಸಿಕೊಂಡು ನೀರು ತಗ್ಗಿತ್ತು. ಗಾಳಿ ಎಲ್ಲೋ ಮಲಗಿತ್ತು. ಕೆಸರೆಲ್ಲ ಕೆಳಗೆ ಕೂತು ಮೇಲಿನ ನೀರು ತೊಳೆದಿಟ್ಟ ಗಾಜಾಗಿತ್ತು. ಸೊಂಟದುದ್ದ ನೀರಿನಲ್ಲಿ ನಿಂತವರಿಗೂ ತಮ್ಮ ಕಾಲುಗುರು ಕಾಣುತ್ತಿತ್ತು. ಚೆಲುವೆಯನ್ನು ನೋಡಿದವರು ಅವಳ ಮನಸ್ಸಿನಲ್ಲಿ ಏನಿದೆ ಎಂದು ಕೇಳುತ್ತಾರೆಯೇ? ಕೆರೆಯನ್ನೂ ಯಾರೂ ಕೇಳಲಿಲ್ಲ.

ಮೊದಲು ಸತ್ತದ್ದು ಅಂಚೆಯವನ ಬಿಳಿ ನಾಯಿ. ದಂಡೆಯ ಮೇಲೆ ಓಡಾಡಿಕೊಂಡಿದ್ದದ್ದು ಇದ್ದಕ್ಕಿದ್ದಂತೆ ಜೊಲ್ಲು ಸುರಿಸಿ, ನಾಲ್ಕು ಕಾಲೂ ಕುಸಿದು, ಮನೆ ಮುಟ್ಟುವ ಮೊದಲೇ ಕಣ್ಣು ಮುಚ್ಚಿತು. ವಯಸ್ಸಾಗಿತ್ತು ಅಂದರು. ಆಮೇಲೆ ಶಾಲೆಯ ಹತ್ತಿರದವರ ಮರಿ, ಅದಕ್ಕೆ ವಯಸ್ಸೇ ಆಗಿರಲಿಲ್ಲ. ಆಗ ಜನ ಗುಸುಗುಸು ಅಂದರು. ನೀರಿನ ಕಚೇರಿಯ ಸಾಹೇಬರು ಖುದ್ದಾಗಿ ದಂಡೆಗೆ ಬಂದು, ಕೈಯಲ್ಲಿ ಕಾಗದ ಹಿಡಿದು, "ನೀರು ಪರೀಕ್ಷೆ ಆಗಿದೆ. ಶುದ್ಧವಾಗಿದೆ. ಧೈರ್ಯವಾಗಿ ಇಳೀರಿ" ಎಂದು ಹೇಳಿ ಹೋದರು. ಅವರ ಅಂಗಿಗೆ ಒಂದು ಸುಕ್ಕಿರಲಿಲ್ಲ, ಮಾತಿಗೂ ಇರಲಿಲ್ಲ. ಕಚೇರಿಯವರು ಅವರನ್ನು ಬೆನ್ನ ಹಿಂದೆ ಇಸ್ತ್ರಿ ಸಾಹೇಬರು ಎಂದೇ ಕರೆಯುತ್ತಿದ್ದರು.

ಆ ಕಾಗದದ ಕೆಳಗಿದ್ದ ಸಹಿ ಪುಟ್ಟಿಯದು.

ಪುಟ್ಟಿ ಅಂದರೆ ಪುಟ್ಟ ಹುಡುಗಿಯಲ್ಲ. ಕಾಲೇಜು ಮುಗಿಸಿ, ನೀರಿನ ಕಚೇರಿಯ ಪ್ರಯೋಗಶಾಲೆಯಲ್ಲಿ ಬಿಳಿ ಕೋಟು ಹಾಕಿಕೊಂಡು ಬಾಟಲಿಗಳ ಮುಂದೆ ನಿಲ್ಲುವ ಹೆಂಗಸು. ಕೆರೆಯ ದಂಡೆ ಕಾಯುವವನ ಒಬ್ಬಳೇ ಮಗಳು. ಅಪ್ಪನಿಗೆ ಊರು ಇಟ್ಟ ಹೆಸರು ಕೆರೆಯಪ್ಪ. ದಾರಿ ಗುಡಿಸುವುದು, ಹೂವಿನ ಪಾತಿಗೆ ನೀರು ಬಿಡುವುದು, ದಡಕ್ಕೆ ಬಂದು ಬೀಳುವ ಕಸವನ್ನು ಉದ್ದ ಹಲ್ಲಿನ ಕೋಲಿನಿಂದ ಎಳೆದು ಒಟ್ಟುವುದು, ಮಕ್ಕಳು ಆಳಕ್ಕೆ ಹೋದರೆ ಸಿಳ್ಳೆ ಹಾಕುವುದು ಅವನ ಕೆಲಸ. ಮಗಳು ಕೆರೆಯ ನೀರು ನೋಡಿಕೊಂಡರೆ ಅಪ್ಪ ಕೆರೆಯ ಮುಖ ನೋಡಿಕೊಳ್ಳುತ್ತಾನೆ ಎಂದು ಅಮ್ಮ ಹೇಳುತ್ತಿದ್ದಳು, ಹೊಗಳಿಕೆಯೋ ಚುಚ್ಚೋ ಗೊತ್ತಾಗದ ಹಾಗೆ.

ಮೂರನೆಯದಾಗಿ ಸತ್ತದ್ದು ಹೊಲಿಗೆಯಮ್ಮನ ಗುಂಡು.

ಹೊಲಿಗೆಯಮ್ಮ ಒಂಟಿ ಹೆಂಗಸು. ಅಂಗಡಿಯಲ್ಲಿ ಮಿಷನ್ನಿನ ಕೆಳಗೆ ಅವಳ ಕಾಲಿಗೆ ಒತ್ತಿಕೊಂಡು ಮಲಗುತ್ತಿದ್ದ ಆ ಕಂದು ನಾಯಿಯೇ ಅವಳ ಗಂಡ, ಮಗ, ನೆಂಟ ಎಲ್ಲ. ಅದನ್ನು ಯಾರದೋ ಕಿಟಕಿ ಪರದೆಯ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಅವಳು ಕೆರೆಯ ಗೇಟಿಗೆ ಬಂದಾಗ ಪುಟ್ಟಿ ಅಪ್ಪನಿಗೆ ಊಟದ ಡಬ್ಬಿ ಕೊಡಲು ಬಂದು ನಿಂತಿದ್ದಳು.

"ಎಲ್ಲಿ ಅವನು? ಈಚೆಗೆ ಬಾರಯ್ಯ ಕೆರೆಯಪ್ಪಾ! ನೋಡು ಬಾ, ನಿನ್ನ ಕಣ್ಣು ತಂಪಾಗ್ಲಿ!"

ಅಪ್ಪ ಕೈಯಲ್ಲಿದ್ದ ಕೋಲನ್ನು ಗೋಡೆಗೆ ಒರಗಿಸಿ ಬಂದ. "ಅಯ್ಯೋ, ಗುಂಡುಗೆ ಏನಾಯ್ತಮ್ಮ?"

"ಏನಾಯ್ತು ಅಂತ ನನ್ನ ಕೇಳ್ತೀಯ? ನಿನ್ನ ಹೂವಿನ ಪಾತಿ ಕೆದರಿದಾಗೆಲ್ಲ ಏನಂತಿದ್ದೆ? ಈ ನಾಯಿಗಳಿಗೆ ಒಂದು ಗತಿ ಕಾಣಿಸ್ತೀನಿ ಅಂತಿದ್ದೆ ತಾನೆ? ಕಾಣಿಸಿದೆಯಲ್ಲ!"

ಅಂದದ್ದು ನಿಜ. ದಂಡೆಗೆ ಬರುವವರೆಲ್ಲ ಕೇಳಿದ್ದರು. ಸಿಟ್ಟಿನ ಬಾಯಿಗೆ ಎಲುಬಿಲ್ಲ. ಹೆಂಡತಿಗೆ, ಮಗಳಿಗೆ, ಮಳೆಗೆ, ಸೂರ್ಯನಿಗೆ ಕೂಡ ಅಪ್ಪ ಗತಿ ಕಾಣಿಸುತ್ತೇನೆ ಎಂದವನೇ. ಆದರೆ ಸತ್ತದ್ದು ಸೂರ್ಯನಲ್ಲ.

ಗುಂಪು ಸೇರಿತು. ಯಾರೋ ಇಲಿ ಪಾಷಾಣ ಅಂದರು. ಯಾರೋ, ಅವನ ಕೊಠಡಿಯಲ್ಲಿ ಪೊಟ್ಟಣ ನೋಡಿದ್ದೇನೆ ಅಂದರು. ಯಾರೋ, "ನೀರಿನಿಂದ ಇರಬಹುದಾ?" ಎಂದು ಮೆಲ್ಲಗೆ ಕೇಳಿದರೆ ಹತ್ತು ಬಾಯಿ ಒಟ್ಟಿಗೆ, "ನೀರು ಶುದ್ಧ ಅಂತ ಕಾಗದವೇ ಇದೆಯಲ್ಲ!" ಎಂದವು. ಅಷ್ಟು ಹೊತ್ತಿಗೆ ಇಸ್ತ್ರಿ ಸಾಹೇಬರ ಕಾರೂ ಬಂತು. ನೀರಿನಲ್ಲಿ ದೋಷವಿಲ್ಲ ಎಂದ ಮೇಲೆ ದೋಷ ಮನುಷ್ಯರದೇ ಇರಬೇಕು ಎಂದು ಅವರು ನಯವಾಗಿ ಹೇಳಿದರು. ಶುಕ್ರವಾರ ದಂಡೆಯ ಚಪ್ಪರದಲ್ಲಿ ಎಲ್ಲರ ಮುಂದೆ ವಿಚಾರಣೆ. ಅಲ್ಲಿಯವರೆಗೆ ಕೆರೆಯಪ್ಪ ಕೆಲಸಕ್ಕೆ ಬರುವುದು ಬೇಡ. ತಪ್ಪು ಗೊತ್ತಾದರೆ ಪೊಲೀಸರಿಗೆ ಒಪ್ಪಿಸುವುದು.

ಹೊಲಿಗೆಯಮ್ಮ ಅಪ್ಪನ ಕಾಲ ಬಳಿ ಉಗಿದು ಹೋದಳು. ಅಪ್ಪ ಅದನ್ನೇ ನೋಡುತ್ತ ನಿಂತ. ಪುಟ್ಟಿಯ ಕೈಯಲ್ಲಿದ್ದ ಡಬ್ಬಿ ಇನ್ನೂ ಬಿಸಿಯಿತ್ತು.

ಮನೆಯಲ್ಲಿ ಅಮ್ಮನ ಬಾಯಿ ಒಲೆಯಂತೆ ಉರಿಯಿತು. "ಊರಿನ ನಾಯಿ ಸತ್ರೆ ನಮ್ಮನೆ ಯಜಮಾನರು ಕೊಲೆಗಾರರು! ಮನೇಲಿ ಜಿರಲೆ ಕಂಡ್ರೆ ಪೊರಕೆ ನನ್ನ ಕೈಗೆ ಕೊಟ್ಟು ಆಚೆ ಹೋಗೋ ಮನುಷ್ಯ ಇವರು. ಇವರು ವಿಷ ಹಾಕ್ತಾರಂತೆ!" ಆಮೇಲೆ ಮಗಳ ಕಡೆ ತಿರುಗಿದಳು. "ನಿನ್ನ ಕಾಗದ ನೋಡು, ಹೆಂಗಿದೆ. ನೀರು ಶುದ್ಧ ಅಂತ ನೀನು ಬರೆದೆ, ಹಂಗಾದ್ರೆ ನಿಮ್ಮಪ್ಪನೇ ಕೊಳಕ ಅಂತ ಊರು ಓದ್ಕೊಳ್ತು."

"ಅವಳನ್ನ ಯಾಕೆ ಅಂತೀಯೇ?" ಎಂದ ಅಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡೇ. "ಅವಳು ಇದ್ದದ್ದು ಬರೆದಳು."

ಪುಟ್ಟಿಗೆ ಬೈಗುಳಕ್ಕಿಂತ ಆ ಮಾತೇ ಹೆಚ್ಚು ಚುಚ್ಚಿತು. ಇದ್ದದ್ದು ಬರೆದಳು. ನಿಜವಾಗಿಯೂ? ಬಾಟಲಿಯಲ್ಲಿ ಇದ್ದದ್ದು ಬರೆದಿದ್ದಳು. ಬಾಟಲಿಯಲ್ಲಿ ಇದ್ದದ್ದೂ ಕೆರೆಯಲ್ಲಿ ಇದ್ದದ್ದೂ ಒಂದೇ ಎಂದು ಯಾರು ಹೇಳಿದರು?

ಮರುದಿನ ರಜೆ ಹಾಕಿ ಅವಳು, ಗುಂಡುವಿನ ಹೆಣ ಕೊಯ್ದು ನೋಡಿದ್ದ ನಾಯಿ ಡಾಕ್ಟರಮ್ಮನ ಬಳಿ ಹೋದಳು. ಸ್ಪಿರಿಟ್ಟಿನ ವಾಸನೆಯ ಸಣ್ಣ ಕೋಣೆ. ಒಂದು ಬೆಕ್ಕು ಪಂಜರದಿಂದ ಎಲ್ಲರನ್ನೂ ಶಪಿಸುತ್ತಿತ್ತು. ಡಾಕ್ಟರಮ್ಮ ಕೈ ತೊಳೆಯುತ್ತಲೇ ಮಾತಾಡಿದರು.

"ಇಲಿ ಪಾಷಾಣ ಅಂತ ಯಾವ ಮಹಾರಾಯ ಹೇಳಿದ್ದು? ಆ ಪುಡಿ ತಿಂದ ನಾಯಿ ದಿನಗಟ್ಟಲೆ ನರಳುತ್ತೆ, ಒಳಗೊಳಗೇ ರಕ್ತ ಸೋರುತ್ತೆ. ಗುಂಡುವಿನ ಒಡಲಲ್ಲಿ ಒಂದು ಹನಿ ರಕ್ತ ಸೋರಿಲ್ಲ. ನಡುಕ, ಜೊಲ್ಲು, ಕಾಲು ಸ್ವಾಧೀನ ತಪ್ಪಿತು, ಕೊನೆಗೆ ಉಸಿರು ಎಳೆಯೋ ಸ್ನಾಯುನೇ ನಿಂತಿತು. ಎಲ್ಲ ಒಂದು ಗಂಟೆ ಒಳಗೆ. ಇದು ನರಕ್ಕೆ ಹತ್ತೋ ವಿಷ."

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ ನೀವು?"

"ಯಾರು ಕೇಳಿದ್ರು? ಎಲ್ರೂ ಕಳ್ಳನ್ನ ಹುಡುಕ್ತಾ ಇದ್ರು, ಕಾರಣಾನ ಅಲ್ಲ." ಡಾಕ್ಟರಮ್ಮ ಫ್ರಿಜ್ಜಿನಿಂದ ಒಂದು ಸೀಸೆ ತೆಗೆದು ಮೇಜಿನ ಮೇಲೆ ಕುಟ್ಟಿದರು. "ಹೊಟ್ಟೇಲಿ ಸಿಕ್ಕಿದ್ದು. ಕೆರೆ ಪಾಚಿ ಇರ್ಬೇಕು ಅಂತ ನಾನೂ ಅಂದ್ಕೊಂಡೆ. ಆಮೇಲೆ ನೀರು ಶುದ್ಧ ಅಂತ ನಿಮ್ಮ ಕಾಗದ ನೋಡಿ ಸುಮ್ಮನಾದೆ. ನಂದೂ ತಪ್ಪೇ."

ಸೀಸೆಯಲ್ಲಿ ಕಪ್ಪು ಹಸಿರಿನ, ನೆನೆದ ಕಂಬಳಿಯ ಚೂರಿನಂಥದ್ದು ಏನೋ ಇತ್ತು. ಪುಟ್ಟಿ ಮುಚ್ಚಳ ತಿರುಗಿಸಿದಳು. ಬಹಳ ದಿನ ಮುಚ್ಚಿಟ್ಟ ನೆಲಮಾಳಿಗೆಯ ಮಣ್ಣಿನ ವಾಸನೆ. ಈ ವಾಸನೆ ತನಗೆ ಗೊತ್ತು ಅನಿಸಿತು, ಎಲ್ಲಿಯದು ಎಂದು ತಿಳಿಯಲಿಲ್ಲ.

ತಿಳಿದದ್ದು ಮರುದಿನ ಬೆಳಿಗ್ಗೆ, ಬಾಟಲಿಯಣ್ಣನ ಜೊತೆ ದಂಡೆಗೆ ಹೋದಾಗ.

ಬಾಟಲಿಯಣ್ಣ ಕಚೇರಿಯ ಹಳೆಯ ಕೆಲಸಗಾರ. ಪ್ಯಾಂಟು ಮಡಚಿ, ಹೆಗಲಿಗೆ ಬಾಟಲಿಗಳ ಪೆಟ್ಟಿಗೆ ಏರಿಸಿ, ಹಾಡು ಗುನುಗುತ್ತ ನೀರಿಗಿಳಿದು ನಮೂನೆ ತರುವವನು. ಪುಟ್ಟಿ ಬಾಟಲಿಗಳನ್ನು ಮೇಜಿನ ಮೇಲೆ ನೋಡಿದ್ದಳೇ ಹೊರತು ಅವು ತುಂಬುವುದನ್ನು ಒಮ್ಮೆಯೂ ನೋಡಿರಲಿಲ್ಲ. ಅವನು ಮೊಣಕಾಲಿನವರೆಗೆ ಇಳಿದ. ಅವನ ಮುಂದೆ ಕಪ್ಪು ಹಸಿರು ಚಿಂದಿಗಳು ನಾಲ್ಕಾರು ತೇಲುತ್ತಿದ್ದವು. ಅವನು ಬಾಗಿ, ಹಾಲಿನ ಮೇಲಿನ ಕೆನೆ ಸರಿಸುವವರ ಹಾಗೆ, ಅಂಗೈ ಹಿಂಬದಿಯಿಂದ ಅವನ್ನು ಆಚೆ ದೂಡಿದ. ತಿಳಿಯಾದ ಜಾಗದಲ್ಲಿ ಬಾಟಲಿ ಅದ್ದಿದ.

"ಅಣ್ಣಾ, ಅದನ್ನ ಯಾಕೆ ಸರಿಸಿದ್ರಿ?"

"ಯಾವುದನ್ನ?"

"ಆ ಪಾಚಿನ."

ಬಾಟಲಿಯಣ್ಣ ನಕ್ಕುಬಿಟ್ಟ. "ಏನ್ ತಂಗಿ ಹಿಂಗ್ ಕೇಳ್ತೀಯ? ಕಸ ಸರಿಸಿ ನೀರು ಹಿಡಿ ಅನ್ನೋದೇ ನಮ್ಮ ಮೊದಲ ಪಾಠ. ಒಂದು ಎಳೆ ಒಳಗೆ ಹೋದ್ರೂ ನಿಮ್ಮ ಕೋಣೆಯಿಂದ ಬಾಟಲಿ ವಾಪಸ್ ಬರುತ್ತೆ. ಕಳೆದ ಸಲ ನೀನೇ ಕಳಿಸಿದ್ದೆಯಲ್ಲ, ಕೊಳಕು ಬಾಟಲಿ ತಂದಿದ್ದೀರಿ ಅಂತ?"

ಕಳಿಸಿದ್ದಳು. ಹೌದು. ಆ ವಾಸನೆ ಮೂಗಿಗೆ ಹತ್ತಿದ್ದೂ ಆಗಲೇ.

ಪುಟ್ಟಿ ಚಪ್ಪಲಿ ಬಿಟ್ಟು ನೀರಿಗೆ ಇಳಿದಳು. ಬಿಸಿಲು ನೇರವಾಗಿ ತಳಕ್ಕೆ ಬೀಳುತ್ತಿತ್ತು. ಅಲ್ಲಿ, ಕಲ್ಲುಗಳ ಮೇಲೆ, ಮರಳಿನ ಮೇಲೆ, ಕಣ್ಣು ಹೋದಷ್ಟು ದೂರ ಯಾರೋ ಹೊದಿಕೆ ಹಾಸಿದ್ದರು. ಕಥೆಗಳಲ್ಲಿ ನೀರಿನ ಅರಮನೆಗೆ ಹಾಸಿರುತ್ತಾರಲ್ಲ, ಅಂಥದ್ದು. ಮೆತ್ತಗೆ, ದಪ್ಪಗೆ, ಮೈತುಂಬ ಮುತ್ತಿನಂಥ ಗುಳ್ಳೆಗಳನ್ನು ಕೂರಿಸಿಕೊಂಡು. ನೋಡುತ್ತಿದ್ದಂತೆ ಗುಳ್ಳೆಗಳು ಒಂದಾಗಿ ಹೊದಿಕೆಯ ಒಂದು ಅಂಚನ್ನು ಎತ್ತಿದವು. ಅಂಗೈಯಗಲದ ತುಂಡು ಕಿತ್ತುಕೊಂಡು, ನಿದ್ದೆಯಿಂದ ಎದ್ದಂತೆ ನಿಧಾನವಾಗಿ ಮೇಲೆ ಬಂತು, ದಡದ ಕಡೆ ತೇಲಿತು. ನೀರು ತಿಳಿಯಾದಷ್ಟೂ ಬಿಸಿಲು ತಳ ಮುಟ್ಟಿತ್ತು. ಬಿಸಿಲು ತಳ ಮುಟ್ಟಿದಷ್ಟೂ ಇದು ಕೊಬ್ಬಿತ್ತು. ಇಡೀ ಊರು ಮೆಚ್ಚಿ ಹೊಗಳಿದ ತಿಳಿನೀರೇ ಇದಕ್ಕೆ ತಾಯಿಹಾಲು.

"ನಿಂತ್ಕೊಳಿ ಅಣ್ಣಾ," ಎಂದಳು. ಕೈಗವಸು ಹಾಕಿಕೊಂಡು ತೇಲುತ್ತಿದ್ದುದನ್ನೇ ಒಂದು ಬಾಟಲಿಗೆ ತುಂಬಿದಳು. ಆಮೇಲೆ ದಡಕ್ಕೆ ಬಂದು, ಕಲ್ಲು ಬೆಂಚಿನ ಹಿಂದೆ ಮರದ ನೆರಳಿನಲ್ಲಿ ಒಟ್ಟಿದ್ದ ರಾಶಿಯಿಂದ ಇನ್ನೊಂದು ಬಾಟಲಿಗೆ. ರಾಶಿಯ ಮೇಲೆ ನಾಯಿ ಮಲಗಿ ಎದ್ದ ಗುಳಿ ಇನ್ನೂ ಇತ್ತು. ಆ ರಾಶಿ ಒಟ್ಟಿದ ಕೈ ಯಾರದೆಂದು ಅವಳಿಗೆ ಗೊತ್ತಿತ್ತು.

ಸೂಕ್ಷ್ಮದರ್ಶಕದ ಕೆಳಗೆ ಆ ಹೊದಿಕೆ ನೂಲುನೂಲಾಗಿ ಬಿಚ್ಚಿಕೊಂಡಿತು. ಹೆಸರಿಗೆ ಪಾಚಿ, ನಿಜಕ್ಕೆ ಬ್ಯಾಕ್ಟೀರಿಯಾ. ಹಸಿರು ನೂಲುಗಳು ಒಂದರ ಪಕ್ಕ ಒಂದು ಜಾರುತ್ತ, ಯಾರೂ ಹೇಳದಿದ್ದರೂ ತಮ್ಮಷ್ಟಕ್ಕೆ ನೇಯ್ದುಕೊಳ್ಳುತ್ತಿದ್ದವು. ಅದರ ವಿಷ ಅದರ ಮೈಯೊಳಗೇ ಇರುತ್ತದೆ, ನೀರಿಗೆ ಅಷ್ಟಾಗಿ ಬಿಡುವುದಿಲ್ಲ. ಆದ್ದರಿಂದ ಅವಳು ಎರಡೂ ಬಾಟಲಿಗಳನ್ನು ಮಂಜುಗಟ್ಟಿಸಿ ಕರಗಿಸಿದಳು, ಮತ್ತೆ ಮಂಜುಗಟ್ಟಿಸಿ ಕರಗಿಸಿದಳು. ನೂಲಿನ ಮೈ ಒಡೆದ ಮೇಲೆ ತಿಳಿ ತೆಗೆದು ಪರೀಕ್ಷೆಯ ಪಟ್ಟಿ ಅದ್ದಿದಳು. ಆ ಪಟ್ಟಿಯ ಸ್ವಭಾವ ತಿರುಗುಮುರುಗು: ವಿಷ ಇಲ್ಲದಿದ್ದರೆ ಎರಡು ಗೆರೆ ಮೂಡುತ್ತದೆ, ವಿಷ ಇದ್ದರೆ ಒಂದು ಮೂಡುವುದೇ ಇಲ್ಲ. ಬಾಟಲಿಯಣ್ಣ ಸರಿಸಿ ಹಿಡಿದ ನೀರಿಗೆ ಎರಡು ಗೆರೆ ಮೂಡಿ ನಿಂತವು. ಅವನು ಸರಿಸಿದ ಪಾಚಿಗೆ ಒಂದೇ ಗೆರೆ. ಬೆಂಚಿನ ಹಿಂದಿನ ರಾಶಿಗೂ ಒಂದೇ.

ಮೂರು ಪಟ್ಟಿಗಳನ್ನೂ ಬಿಳಿ ತಟ್ಟೆಯಲ್ಲಿಟ್ಟುಕೊಂಡು ಅವಳು ಸಾಹೇಬರ ಕೋಣೆಗೆ ಹೋದಳು.

ಸಾಹೇಬರು ಪೂರ್ತಿ ಕೇಳಿದರು. ಅವರು ಯಾವತ್ತೂ ಪೂರ್ತಿ ಕೇಳುತ್ತಾರೆ. "ನೋಡಮ್ಮಾ, ನಮ್ಮದು ನೀರಿನ ಕಚೇರಿ. ನಮ್ಮ ನಿಯಮ ಇರೋದು ನೀರಿಗೆ. ನೀರು ಶುದ್ಧ ಇದೆ, ನಿನ್ನ ಪಟ್ಟಿನೇ ಹೇಳ್ತಿದೆ. ಇದು ನೀರಲ್ಲ, ಕಸ."

"ಸರ್, ಆ ಕಸ ಕೆರೆ ತಳದ ತುಂಬ ಇದೆ. ಭಾನುವಾರ ಅಲ್ಲಿ ಮಕ್ಕಳ ಈಜಾಟ ಇದೆ. ಸಣ್ಣ ಮಕ್ಕಳು ಕೈಗೆ ಸಿಕ್ಕಿದ್ದನ್ನ ಬಾಯಿಗೆ ಹಾಕ್ತವೆ."

"ನಾಯಿ ಹಾಗೆ ಮಕ್ಕಳು ಪಾಚಿ ಮೇಯಲ್ಲಮ್ಮ." ಅವರು ತಮ್ಮ ಹಾಸ್ಯಕ್ಕೆ ತಾವೇ ಸ್ವಲ್ಪ ನಕ್ಕು, ಮೂರನೆಯ ಪಟ್ಟಿ ತೋರಿಸಿದರು. "ಇದೆಲ್ಲಿಯದು?"

"ದಡದ್ದು. ಬೆಂಚಿನ ಹಿಂದಿನ ರಾಶಿ."

"ರಾಶಿ ಹಾಕಿದವರು?"

"ನಮ್ಮಪ್ಪ," ಎಂದಳು ಪುಟ್ಟಿ. ಸಾಹೇಬರು ಕುರ್ಚಿಗೆ ಒರಗಿದರು. ಮುಖ ಇಸ್ತ್ರಿ ಹಾಕಿದಷ್ಟು ನುಣ್ಣಗಿತ್ತು.

"ಅಂದ್ರೆ, ನಿಮ್ಮಪ್ಪ ವಿಷ ಇಟ್ಟದ್ದು ನಿಜ ಅಂತಾಯ್ತಲ್ಲ. ಗೊತ್ತಿಲ್ದೆ ಇಟ್ಟರು ಅನ್ನು, ಒಪ್ತೀನಿ. ನಾನೇನು ಕಟುಕನಲ್ಲ. ವಯಸ್ಸಾಯ್ತು ಅಂತ ಮರ್ಯಾದೆಯಾಗಿ ಬಿಡಿಸಿ ಕಳಿಸೋಣ, ಪೊಲೀಸು ಗಿಲೀಸು ಬೇಡ. ನೀನು ಈ ತಟ್ಟೆ ತೊಳೆದಿಡು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಮೆಟ್ಟಿಲಿಳಿಯುವಾಗ ಪುಟ್ಟಿಗೆ ಒಂದು ಹಳೆಯ ಕಥೆ ನೆನಪಾಯಿತು. ಕೋತಿ ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿದ ಕಥೆಯನ್ನು ಎಷ್ಟು ಸಲ ಕೇಳಿ ನಕ್ಕಿದ್ದಳು ಅವಳು! ಆ ಕಥೆಯಲ್ಲಿ ಮೇಕೆಗೂ ಒಬ್ಬಳು ಮಗಳಿರಬಹುದು, ಅವಳಿಗೆ ಹೇಗಾಗಿರಬಹುದು ಎಂದು ಯೋಚಿಸಿರಲಿಲ್ಲ. ಕೋತಿಯಾದರೂ ಹೊಟ್ಟೆಗಾಗಿ ಮಾಡಿತು. ಇವರು ಒಂದು ಸುಕ್ಕು ಬೀಳಬಾರದೆಂದು ಮಾಡುತ್ತಿದ್ದಾರೆ.

ಮನೆಯಲ್ಲಿ ಅಪ್ಪ ಕಿಟಕಿಯ ಬಳಿ ಕೂತಿದ್ದ. ಹೇಳುವುದೋ ಬೇಡವೋ ಎಂದು ಅವಳು ಬಾಗಿಲಲ್ಲೇ ತಡವರಿಸಿದಳು. ಕೊನೆಗೆ ಎಲ್ಲ ಹೇಳಿದಳು, ರಾಶಿಯ ಮಾತನ್ನೂ.

ಅಪ್ಪ ತನ್ನ ಎರಡೂ ಕೈ ನೋಡಿಕೊಂಡ. "ಗುಂಡು ಅದರ ಮೇಲೇ ಮಲಗ್ತಿದ್ದ," ಎಂದ. "ತಂಪಾಗಿರುತ್ತೆ ಅಂತ. ನಾನೇ ಬೈದು ಎಬ್ಬಿಸ್ತಿದ್ದೆ, ರಾಶಿ ಕೆದರ್ತಾನೆ ಅಂತ. ವಿಷ ಅಂತ ಅಲ್ಲ ಮಗಳೇ, ರಾಶಿ ಕೆಡುತ್ತೆ ಅಂತ."

"ನಿನಗೇನು ಕನಸು ಬಿದ್ದಿತ್ತಾ ಅಪ್ಪಾ? ಅಲ್ಲಿ ರಾಶಿ ಹಾಕು ಅಂತ ಯಾರು ಹೇಳಿದ್ದು?"

"ಸಾಹೇಬ್ರು. ನೋಡೋರ ಕಣ್ಣಿಗೆ ಕಸ ಬೀಳಬಾರದು, ಬೆಂಚಿನ ಹಿಂದೆ ಹಾಕು, ಗಾಡಿ ಕಳಿಸ್ತೀನಿ ಅಂದ್ರು. ಗಾಡಿ ಬರಲೇ ಇಲ್ಲ. ನಾನು ಕೇಳ್ತಾನೇ ಇದ್ದೆ."

ಅಮ್ಮ ಅಡುಗೆಮನೆಯಿಂದ ಧಾವಿಸಿ ಬಂದಳು. "ಇದೆಲ್ಲ ಈ ನಾಲ್ಕು ಗೋಡೆ ದಾಟಬಾರದು! ರಾಶಿ ಹಾಕಿದ್ದು ನಾನೇ ಅಂದ್ರೆ ಅವರಿಗೆ ಅಷ್ಟೇ ಸಾಕು. ಮುಂದಿನ ಮಾತು ಯಾರೂ ಕೇಳಲ್ಲ. ಮರ್ಯಾದೆಯಾಗಿ ಬಿಡಿಸ್ತೀವಿ ಅಂದಿದ್ದಾರಲ್ಲ, ಬಿಡಿಸ್ಕೊಳ್ಳಿ. ಮಗಳ ಕೆಲಸನಾದ್ರೂ ಉಳಿಯುತ್ತೆ."

"ಯಾವ ಮರ್ಯಾದೆ?" ಎಂದ ಅಪ್ಪ. ಗುಂಡು ಸತ್ತ ಮೇಲೆ ಅವನು ಮೊದಲ ಬಾರಿಗೆ ಧ್ವನಿ ಏರಿಸಿದ್ದ. "ಬಿಡಿಸಿ ಕಳಿಸಿದ್ರೆ ನಾನು ಸಾಯೋವರೆಗೂ ನಾಯಿ ಕೊಂದವನೇ. ಮಾಡಿದ್ದಕ್ಕೆ ಬೈಸ್ಕೊಳ್ತೀನಿ ಕಣೆ. ಮಾಡದೇ ಇರೋದಕ್ಕೆ ಒಂದು ಉಗುಳೂ ಸಹಿಸಲ್ಲ. ಪುಟ್ಟೀ, ಹೇಳಿದ್ರೆ ಪೂರ್ತಿ ಹೇಳು. ಅರ್ಧ ಹೇಳಬೇಡ."

ಶುಕ್ರವಾರ ಚಪ್ಪರ ತುಂಬಿತ್ತು. ಊರ ಬಾಯಿಗೆ ಇಷ್ಟು ದಿನ ಮೆಲ್ಲಲು ಸಿಕ್ಕಿದ ವಿಷಯ, ಬಿಡುತ್ತಾರೆಯೇ? ಮುಂದಿನ ಸಾಲಿನಲ್ಲಿ ಹೊಲಿಗೆಯಮ್ಮ, ಮಡಿಲಲ್ಲಿ ಗುಂಡುವಿನ ಕೊರಳಪಟ್ಟಿ. ಸಾಹೇಬರು ಎದ್ದು ಸುಕ್ಕಿಲ್ಲದ ನಾಲ್ಕು ಮಾತಾಡಿ, ಕೆರೆಯ ನೀರು ಶುದ್ಧವೆಂದು ಮತ್ತೊಮ್ಮೆ ಹೇಳಿ, ಕೆರೆಯಪ್ಪನ ವಯಸ್ಸನ್ನು ನೋಡಿ ದಯೆ ತೋರಿಸಬೇಕೆಂದು ಕೇಳಿಕೊಂಡರು. ಆ ದಯೆಯ ಮಾತಿಗೆ ಪುಟ್ಟಿಯ ಮೈ ಉರಿದುಹೋಯಿತು. ಅವಳು ತಂದಿದ್ದ ಬಕೆಟ್ಟನ್ನು ಎತ್ತಿ ಅವರ ಮುಂದಿನ ಮೇಜಿನ ಮೇಲೆ ಇಟ್ಟಳು. ವಾಸನೆಗೆ ಮುಂದಿನ ಸಾಲು ಮೂಗು ಮುಚ್ಚಿಕೊಂಡಿತು.

"ನೀರು ಶುದ್ಧ ಅಂತ ಸಹಿ ಹಾಕಿದವಳು ನಾನು," ಎಂದಳು. "ಇವರ ಮಗಳು ಅಂತ ಮಾತಾಡ್ತಿಲ್ಲ, ಆ ಸಹಿ ಹಾಕಿದವಳು ಅಂತ ಮಾತಾಡ್ತಿದೀನಿ. ನಾವು ಹಿಡಿಯೋದು ಮೇಲಿನ ನೀರು, ಅದೂ ಇದನ್ನ ಪಕ್ಕಕ್ಕೆ ದೂಡಿ. ವಿಷ ಇರೋದು ಇದರಲ್ಲಿ. ಇದು ಕೆರೆ ತಳದಲ್ಲಿ ಬೆಳೆಯುತ್ತೆ, ಕಿತ್ತು ಮೇಲೆ ಬರುತ್ತೆ, ದಡ ಸೇರುತ್ತೆ. ಗುಂಡುವಿನ ಹೊಟ್ಟೇಲಿ ಸಿಕ್ಕಿದ್ದು ಇದೇ. ಡಾಕ್ಟರಮ್ಮ ಇಲ್ಲೇ ಇದ್ದಾರೆ, ಕೇಳಿ. ನಾವು ಕೆರೆ ಪರೀಕ್ಷೆ ಮಾಡಿಲ್ಲ. ಕೆರೇಲಿ ಎಲ್ಲಿ ವಿಷ ಇಲ್ವೋ ಆ ಜಾಗ ಹುಡುಕಿ ಹುಡುಕಿ ಪರೀಕ್ಷೆ ಮಾಡಿದೀವಿ."

"ಕಸ," ಎಂದರು ಸಾಹೇಬರು. "ಇದು ಬರೀ ದಡದ ಕಸ. ಈ ಕಸ ನಾಯಿಗಳು ಮಲಗೋ ಜಾಗದಲ್ಲಿ ಗುಡ್ಡೆ ಹಾಕಿದ್ದು ಯಾರು ಅಂತಾನೂ ಹೇಳಮ್ಮ."

ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಎದ್ದು ನಿಂತ. "ನಾನು. ಗುಡ್ಡೆ ಹಾಕಿದ್ದು ನಾನು."

ಚಪ್ಪರ ಹೋ ಎಂದಿತು. "ಒಪ್ಕೊಂಡ! ಅವನೇ ಒಪ್ಕೊಂಡ!" ಅಮ್ಮ ಹಿಂದಿನ ಸಾಲಿನಲ್ಲಿ ಸೆರಗಿಗೆ ಮುಖ ಒತ್ತಿಕೊಂಡಳು. ಸಾಹೇಬರು ಕುರ್ಚಿಯಲ್ಲಿ ಹಗುರವಾಗಿ ಕೂತರು.

ಆಗ ಹೊಲಿಗೆಯಮ್ಮ ಎದ್ದಳು. ಅವಳು ಬಕೆಟ್ಟಿನ ಬಳಿ ಬಂದು, ಬಗ್ಗಿ, ಆ ವಾಸನೆಯನ್ನು ಮೂಗು ಮುಚ್ಚದೆ ಎಳೆದುಕೊಂಡಳು.

"ಇದೇ ವಾಸನೆ," ಎಂದಳು. "ನನ್ನ ಕಂದನ ಬಾಯಲ್ಲಿ ಇದೇ ವಾಸನೆ ಇತ್ತು." ಅವಳು ಅಪ್ಪನತ್ತ ತಿರುಗಿದಳು. "ಗುಡ್ಡೆ ಹಾಕು ಅಂದವರು ಯಾರು?"

ಅಪ್ಪ ಸಾಹೇಬರ ಕಡೆ ನೋಡಿದ, ಅಷ್ಟೇ.

"ಹೇಳು ಮಾರಾಯ, ಬಾಯಿಲ್ವಾ? ನಾಯಿಗೆ ಬೈಯೋವಾಗ ಇತ್ತಲ್ಲ!"

"ಸಾಹೇಬ್ರೇ ಹೇಳಿದ್ದು. ಗಾಡಿ ಕಳಿಸ್ತೀನಿ ಅಂದಿದ್ರು."

"ಅದು ಚೊಕ್ಕಟ ಇರಲಿ ಅಂತ ಸಾಮಾನ್ಯವಾಗಿ..." ಎಂದು ಸಾಹೇಬರು ಶುರು ಮಾಡಿದರು.

ಹೊಲಿಗೆಯಮ್ಮ ಅವರನ್ನು ಮುಂದೆ ಹೋಗಲು ಬಿಡಲಿಲ್ಲ. "ನಿಮ್ಮ ಚೊಕ್ಕಟಕ್ಕೆ ಬೆಂಕಿ ಹಾಕ! ಎರಡು ನಾಯಿ ಸತ್ತ ಮೇಲೆ ಇಲ್ಲಿಗೆ ಬಂದು ಧೈರ್ಯವಾಗಿ ಇಳೀರಿ ಅಂದವರು ನೀವೇ ತಾನೆ? ನಾನು ಹೆದರಿ ಗುಂಡೂನ ಮನೇಲೇ ಕಟ್ಟಿದ್ದೆ. ನಿಮ್ಮ ಮಾತು ಕೇಳಿ ಬಿಚ್ಚಿದೆ. ನಾನೇ ಬಿಚ್ಚಿದೆ!" ಅವಳ ಧ್ವನಿ ಒಡೆಯಿತು. "ನಾಡಿದ್ದು ಮಕ್ಕಳನ್ನ ಇಳಿಸ್ತೀರಂತೆ. ಇದು ಬರೀ ಕಸ ಆದ್ರೆ, ಎಲ್ಲಿ, ಕೈ ಹಾಕಿ ಒಂದು ಚೂರು ಬಾಯಿಗಿಟ್ಕೊಳ್ಳಿ ನೋಡೋಣ. ಇಟ್ಕೊಳ್ಳಿ!"

ಸಾಹೇಬರು ಕೈ ಹಾಕಲಿಲ್ಲ. ಮೇಜಿನ ಮೇಲಿದ್ದ ಕೈಯನ್ನು ಬಕೆಟ್ಟಿನಿಂದ ದೂರ ಎಳೆದುಕೊಂಡರು. ಆ ಒಂದು ಗೇಣಿನ ದೂರವನ್ನು ಚಪ್ಪರದಲ್ಲಿದ್ದವರೆಲ್ಲ ನೋಡಿದರು. ತಮ್ಮ ತಮ್ಮ ಮಕ್ಕಳ ಕೈ ಹಿಡಿದುಕೊಂಡು ತಾಯಂದಿರು ಒಬ್ಬೊಬ್ಬರಾಗಿ ಎದ್ದರು. ಬಾಟಲಿಯಣ್ಣ ಕಂಬಕ್ಕೆ ಒರಗಿಕೊಂಡು, ಯಾರೂ ಕೇಳದಿದ್ದರೂ, "ಹೌದು, ಸರಿಸಿಯೇ ಹಿಡಿಯೋದು, ಸರಿಸಿಯೇ ಹಿಡಿಯೋದು" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಹೋಗುವಾಗ ಹೊಲಿಗೆಯಮ್ಮ ಅಪ್ಪನ ಮುಂದೆ ನಿಂತಳು. "ನಿನ್ನ ಮೇಲೆ ಸಿಟ್ಟು ಇಳಿದಿದೆ ಅಂದ್ಕೋಬೇಡ," ಎಂದಳು. "ಆದ್ರೆ ನೀನು ಕೊಂದವನಲ್ಲ. ಅವತ್ತು ಉಗಿದದ್ದು ನನ್ನ ತಪ್ಪು."

ಶನಿವಾರ ಕೆರೆಯ ಗೇಟಿಗೆ ಬೀಗ ಬಿತ್ತು. ಕೆರೆಯಪ್ಪ ಕೆಲಸಕ್ಕೆ ಬರಬಹುದು ಎಂದು ಕಚೇರಿಯಿಂದ ಬಾಟಲಿಯಣ್ಣನ ಬಾಯಲ್ಲಿ ಒಂದು ಮಾತು ಬಂತು. ತಪ್ಪಾಯಿತು ಎನ್ನುವ ಮಾತು ಅದರ ಜೊತೆ ಬರಲಿಲ್ಲ. ಮಗಳು ಅಪ್ಪನ ಜೊತೆ ಗೇಟಿನವರೆಗೆ ನಡೆದುಹೋದಳು. ಅಲ್ಲಿ ಹೊಸ ಫಲಕ ತೂಗುತ್ತಿತ್ತು. ದುಂಡು ಅಕ್ಷರ, ನೀಲಿ ಬಣ್ಣ: "ದುರಸ್ತಿಯ ಸಲುವಾಗಿ ಕೆರೆಯನ್ನು ತಾತ್ಕಾಲಿಕವಾಗಿ ಮುಚ್ಚಲಾಗಿದೆ. ಸಹಕರಿಸಿ."

"ದುರಸ್ತಿ?" ಎಂದಳು ಪುಟ್ಟಿ. ಅವಳಿಗೆ ನಗು ಬಂತು, ನಗುವಿನ ಬಾಲ ಹಿಡಿದುಕೊಂಡು ಅಳು ಬಂತು. "ಕೆರೆ ಏನು ಕುರ್ಚಿ ಕಾಲಾ? ಬೇಲಿ ಹಾರಿ ಇಳಿಯೋ ಹುಡುಗರಿಗೆ ದುರಸ್ತಿ ಅಂದ್ರೆ ಏನು ಗೊತ್ತಾಗುತ್ತೆ? ಮತ್ತೆ ಸರಿಸಿಬಿಟ್ರಲ್ಲ ಅಪ್ಪಾ! ಪಾಚಿ ಸರಿಸಿದ ಹಾಗೇನೇ!"

ಅಪ್ಪ ಕಾವಲು ಕೊಠಡಿಯಿಂದ ಸ್ಟೂಲು ತಂದು ಫಲಕದ ಕೆಳಗೆ ಹಾಕಿಕೊಂಡು ಕೂತ. ಮೊದಲು ಬಂದವಳು ಮಗುವಿನ ತಳ್ಳುಗಾಡಿ ದೂಡಿಕೊಂಡು ಬಂದ ಹೆಂಗಸು, ಹೊರಗಿನವಳು. ಫಲಕ ಓದಿ, "ಯಾವಾಗ ತೆಗೀತೀರಾ?" ಎಂದಳು.

"ದುರಸ್ತಿ ಅಲ್ಲ ತಾಯಿ, ವಿಷ," ಎಂದ ಅಪ್ಪ, ಸಿಳ್ಳೆ ಹಾಕಿ ಹಾಕಿ ಗಟ್ಟಿಯಾದ ಆ ಧ್ವನಿಯಲ್ಲಿ. "ಕೆರೆ ತಳದಲ್ಲಿ ಬೆಳೀತಿದೆ, ದಡಕ್ಕೆ ಬರ್ತಿದೆ. ಮೂರು ನಾಯಿ ಸತ್ತಿವೆ. ಕಪ್ಪು ಹಸಿರು ಚಿಂದಿ ಕಂಡ್ರೆ ಮಗುನ ಹತ್ತಿರ ಬಿಡಬೇಡಿ. ಅದನ್ನ ದಡದಲ್ಲಿ ರಾಶಿ ಹಾಕಿದವನು ನಾನು. ಹಾಕಿಸಿದವರು ನೀರಿನ ಕಚೇರಿ ಸಾಹೇಬ್ರು. ನೀರು ಶುದ್ಧ ಅಂತ ಬರೆದವಳು ಇಲ್ಲೇ ನಿಂತಿರೋ ನನ್ನ ಮಗಳು. ಇನ್ನೇನಾದ್ರೂ ಕೇಳೋದಿದ್ರೆ ಕೇಳಿ."

ಹೆಂಗಸು ಅಪ್ಪನನ್ನೂ ಮಗಳನ್ನೂ ನೋಡಿ, ಗಾಡಿ ತಿರುಗಿಸಿಕೊಂಡು ಹೋದಳು. ಆಮೇಲೆ ಇಬ್ಬರು ಮುದುಕರು ಬಂದರು. ಅಪ್ಪ ಅಷ್ಟನ್ನೂ ಮೊದಲಿಂದ ಹೇಳಿದ. ಆಮೇಲೆ ಟವೆಲು ಹೆಗಲಿಗೆ ಹಾಕಿಕೊಂಡ ಹುಡುಗರ ಗುಂಪು. ಒಂದು ಮಾತೂ ಬಿಡದೆ ಅವರಿಗೂ ಹೇಳಿದ. ಪುಟ್ಟಿ ಮೊದಲ ಸಲ ತಲೆ ತಗ್ಗಿಸಿದಳು. ಮೂರನೆಯ ಸಲ ತಗ್ಗಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾರು ಬಂತು. ಸಾಹೇಬರು ಗಾಜು ಅರ್ಧ ಇಳಿಸಿ, "ಏನಯ್ಯ ಇದು? ಬೋರ್ಡು ಹಾಕಿದೆಯಲ್ಲ, ನೀನ್ಯಾಕೆ ಬಾಯಿ ನೋಯಿಸ್ಕೊಳ್ತೀಯ?" ಎಂದರು.

ಅಪ್ಪ ಸ್ಟೂಲಿನಿಂದ ಏಳಲಿಲ್ಲ.

"ಬೋರ್ಡಿನಲ್ಲಿ ನಿಜ ಬರೆಸಿ ಸಾಹೇಬ್ರೇ, ನಾನು ಬಾಯಿ ಮುಚ್ಕೊಳ್ತೀನಿ," ಎಂದ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಯಾರೋ ನಾಯಿ ಹಿಡಿದುಕೊಂಡು ಬರುವುದು ಕಾಣಿಸಿತು. ಅವನು ಕಾರಿನ ಕಡೆಯಿಂದ ಮುಖ ತಿರುಗಿಸಿ, ಕೈ ಎತ್ತಿ ಅವರನ್ನು ಕರೆದ.